ಕಾವೇರಿಯ ಗೂನುಬೆನ್ನಿನ ಮೀನು, ಕಡಲಿನ ಹವಳ, ಮತ್ತು ತಿದ್ದಲಾಗದ ಪುಸ್ತಕ

ವಾರ್ಷಿಕ ಪರೀಕ್ಷೆಗೆ ಕೆಲವೇ ದಿನಗಳಿದ್ದಾಗ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಹವಳದ ದಿಬ್ಬಗಳನ್ನು ಉಳಿಸಲು ಬ್ಲಾಕ್‌ಚೈನ್ ಎಂಬುದನ್ನು ಬಳಸುತ್ತಾರಂತೆ, ಅದು ಹೇಗೆ ಸಾರ್ ಎಂದ. ಫೋನಿನಲ್ಲಿ ಎಲ್ಲಿಯೋ ಓದಿದ್ದನಂತೆ. ಪಾಠ ಬಾಕಿಯಿತ್ತು, ಬೆಲ್ಲೂ ಹೊಡೆಯುವುದರಲ್ಲಿತ್ತು. ಅದು ದುಡ್ಡಿನ ವ್ಯವಹಾರ, ಹವಳಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಕೂತುಕೋ ಎಂದು ಬಿಟ್ಟೆವು. ಹುಡುಗ ಕೂತುಕೊಂಡ. ಆದರೆ ಉತ್ತರ ಸರಿಯಲ್ಲವೆಂದು ಅವನಿಗೂ ಗೊತ್ತಾಗಿತ್ತು, ನಮಗೂ ಗೊತ್ತಿತ್ತು.

ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಕಡಲಿನ ದಂಡೆಯಲ್ಲಲ್ಲ. ಕಡಲೇ ಇಲ್ಲದ ಸೇಲಂ, ಧರ್ಮಪುರಿ ಜಿಲ್ಲೆಗಳ ಕಡೆ, ಒಂದು ಹರಿಗೋಲಿನಲ್ಲಿ ಕುಳಿತಿದ್ದಾಗ. ವಾಚಕರು ತುಸು ತಾಳ್ಮೆ ವಹಿಸಿದರೆ ಹವಳದಿಂದ ಹೊಳೆಮೀನಿಗೆ ಹೋಗಿ ಮತ್ತೆ ಹವಳಕ್ಕೆ ಬರುವ ದಾರಿಯನ್ನು ಹೇಳುತ್ತೇವೆ.

ಮೊದಲು ಹವಳದ ವಿಷಯ. ಹವಳವೆಂದರೆ ನಮ್ಮ ಮನೆಗಳಲ್ಲಿ ನವರತ್ನದ ಉಂಗುರದ ಕೆಂಪು ಮಣಿ ನೆನಪಾಗುತ್ತದೆ. ದಿಬ್ಬ ಕಟ್ಟುವ ಹವಳ ಬೇರೆಯೇ ಜಾತಿ. ಅದು ಕಲ್ಲಿನಂತೆ ಕಂಡರೂ ಸಣ್ಣ ಸಣ್ಣ ಪ್ರಾಣಿಗಳ ಕೂಡುಕುಟುಂಬ. ಒಂದೊಂದು ಪ್ರಾಣಿಯೂ ತನ್ನ ಸುತ್ತ ಸುಣ್ಣದ ಗೂಡು ಕಟ್ಟುತ್ತದೆ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ಮಾಡಿ ಅದಕ್ಕೆ ಉಣಿಸುತ್ತದೆ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚುತ್ತದೆ. ಬಿಸಿ ಬೇಗ ಇಳಿದರೆ ಬದುಕೀತು, ಇಳಿಯದಿದ್ದರೆ ಸಾಯುತ್ತದೆ. ಸಮುದ್ರತಳದ ನೂರರಲ್ಲಿ ಒಂದು ಪಾಲೂ ಇಲ್ಲದ ಈ ದಿಬ್ಬಗಳನ್ನು ಕಡಲಜೀವಿಗಳಲ್ಲಿ ಸುಮಾರು ಕಾಲುಭಾಗ ಆಶ್ರಯಿಸಿವೆ.

ಇದು ದೂರದ ಆಸ್ಟ್ರೇಲಿಯದ ಮಾತಲ್ಲ. ನಮ್ಮ ಕಾಸರಗೋಡಿನ ಕಡಲಿಗೆ ಎದುರಾಗಿರುವ ಲಕ್ಷದ್ವೀಪದ ದ್ವೀಪಗಳೆಲ್ಲ ಹವಳ ಕಟ್ಟಿದ ನೆಲವೇ. ಉತ್ತರಕ್ಕೆ ಹೋದರೆ ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಕರ್ನಾಟಕದ ಹವಳವಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ವಿಜ್ಞಾನಿಗಳು 1998ರಿಂದ ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ಮುಳುಗಿ ಮುಳುಗಿ ಹವಳದ ಲೆಕ್ಕ ಬರೆಯುತ್ತ ಬಂದರು. 1998ರಲ್ಲಿ ನೂರಕ್ಕೆ ಸುಮಾರು 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಸುಮಾರು 19ಕ್ಕೆ ಇಳಿದಿತ್ತು. 1998, 2010, 2016, ಹೀಗೆ ಮೂರು ಸಲ ಕಡಲು ಕುದಿಯಿತು. ಆರು ವರ್ಷವಾದರೂ ಬಿಡುವು ಸಿಕ್ಕಿದ ಮೇಲೆಯೇ ಹವಳ ನಿಜವಾಗಿ ಚೇತರಿಸಿಕೊಳ್ಳತೊಡಗುತ್ತದೆ ಎಂದು ಅವರ ಲೆಕ್ಕ ಹೇಳುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳ ಮತ್ತೆ ಬಿಳಿಚಿತು. ಅದೇ ವರ್ಷ ಏಪ್ರಿಲಿನಲ್ಲಿ, ಜಗತ್ತಿನಲ್ಲಿ ನಾಲ್ಕನೆಯ ಸಲ ಎಲ್ಲ ಸಾಗರಗಳಲ್ಲೂ ಹವಳ ಬಿಳಿಚುತ್ತಿದೆ ಎಂದು ವಿಜ್ಞಾನಿಗಳು ಸಾರಿದರು.

ಇಪ್ಪತ್ತನಾಲ್ಕು ವರ್ಷ ಬಿಡದೆ ಅದೇ ಜಾಗಗಳಿಗೆ ಹೋಗಿ ಬರೆದದ್ದರಿಂದಲೇ ಇಷ್ಟು ತಿಳಿಯಿತು. ಬರೆಯದ ಸಾವಿರಾರು ದಿಬ್ಬಗಳ ಕತೆ ಯಾರಿಗೂ ತಿಳಿಯದು. ಹುಡುಗನ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಈ ಲೆಕ್ಕವನ್ನು ಬರೆಯುವವರು ಯಾರು, ಇಟ್ಟುಕೊಳ್ಳುವವರು ಯಾರು, ನಡುವೆ ಯಾರಾದರೂ ತಿದ್ದಿದರೆ ಹಿಡಿಯುವುದು ಹೇಗೆ?

ಹಿಂದಿನ ಪುಟದಿಂದ ತಂದದ್ದು

ಬ್ಲಾಕ್‌ಚೈನ್ ಎಂಬ ಹೆಸರು ಕೇಳಿ ಹೆದರಬೇಕಾದುದಿಲ್ಲ. ಅಂಗಡಿಯ ರೋಜುಮೇಳು ನೋಡಿದವರಿಗೆಲ್ಲ ಅದರ ಅರ್ಧ ಗೊತ್ತು. ಪುಟದ ಕೆಳಗೆ ಮೊತ್ತ ಹಾಕಿ, ಮುಂದಿನ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ ತಂದದ್ದು' ಎಂದು ಬರೆಯುತ್ತೇವಲ್ಲ? ಆಮೇಲೆ ಯಾರಾದರೂ ಹತ್ತನೆಯ ಪುಟದಲ್ಲಿ ಕಳ್ಳತನದಿಂದ ಒಂದು ಅಂಕಿ ತಿದ್ದಿದರೆ ಹನ್ನೊಂದನೆಯ ಪುಟದ ತಲೆ ತಾಳೆಯಾಗುವುದಿಲ್ಲ. ಬ್ಲಾಕ್‌ಚೈನಿನಲ್ಲಿ ಮೊತ್ತದ ಬದಲು ಇಡೀ ಪುಟದ ಬೆರಳೊತ್ತಿನಂಥ ಒಂದು ಗುರುತನ್ನು ಗಣಕಯಂತ್ರ ತೆಗೆಯುತ್ತದೆ. ಪುಟದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಗುರುತು ಪೂರಾ ಬೇರೆಯಾಗುತ್ತದೆ. ಆ ಗುರುತು ಮುಂದಿನ ಪುಟದ ತಲೆಯಲ್ಲಿರುತ್ತದೆ. ಹೀಗೆ ಸರಪಣಿ.

ಇನ್ನರ್ಧವೆಂದರೆ ಪುಸ್ತಕ ಒಬ್ಬರ ಕಪಾಟಿನಲ್ಲಿ ಇರುವುದಿಲ್ಲ. ಅದೇ ಪುಸ್ತಕದ ಪ್ರತಿಗಳು ನೂರಾರು, ಸಾವಿರಾರು ಕಡೆ ಇರುತ್ತವೆ. ಒಂದು ಪ್ರತಿಯನ್ನು ತಿದ್ದಿದರೆ ಉಳಿದವು ಒಪ್ಪುವುದಿಲ್ಲ. 2008ರಲ್ಲಿ ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಯಾರೋ ಬರೆದ ಒಂದು ಲೇಖನದಿಂದ ಇದು ಪ್ರಸಿದ್ಧಿಗೆ ಬಂತು. ಮುಂದಿನ ವರ್ಷ ಬಿಟ್‌ಕಾಯಿನ್ ಹುಟ್ಟಿತು. ಆ ನಕಮೋಟೊ ಯಾರೆಂಬುದು ಇನ್ನೂ ಖಚಿತವಾಗಿಲ್ಲ.

ಹಣದಾಚೆಗೂ ಇದನ್ನು ಬಳಸಿ ನೋಡಿದ್ದಾರೆ. ಇಂಡೋನೇಷಿಯದಲ್ಲಿ 2016ರಲ್ಲಿ ಗಾಳಹಾಕಿ ಟ್ಯೂನ ಹಿಡಿಯುವ ಬೆಸ್ತರು, ನಮ್ಮ ಮಾರುಕಟ್ಟೆಯಲ್ಲಿ ಚೂರ ಎಂದು ಮಾರುತ್ತಾರಲ್ಲ ಅದೇ, ತಾವು ಹಿಡಿದ ಮೀನನ್ನು ಮೊಬೈಲ್ ಸಂದೇಶದಿಂದ ಇಂಥ ಪುಸ್ತಕದಲ್ಲಿ ದಾಖಲಿಸಿದರು. 2018ರಲ್ಲಿ ಫಿಜಿ ದ್ವೀಪದ ಟ್ಯೂನಕ್ಕೂ ಹೀಗೆಯೇ ಮಾಡಿದರು. ಕದ್ದು ಹಿಡಿದ ಮೀನನ್ನು ಬೇರ್ಪಡಿಸುವುದು ಉದ್ದೇಶ. ನಮ್ಮ ಕಾಫಿ ಮಂಡಳಿ 2019ರ ಮಾರ್ಚಿನಲ್ಲಿ ಬೆಳೆಗಾರರ ಕಾಫಿಯನ್ನು ಬ್ಲಾಕ್‌ಚೈನಿನ ಮೂಲಕ ಮಾರುವ ಪ್ರಯೋಗವನ್ನು ಆರಂಭಿಸಿತು. ತಮಿಳುನಾಡು ಸರಕಾರ 2020ರಲ್ಲಿ ಬ್ಲಾಕ್‌ಚೈನಿಗೆಂದೇ ಒಂದು ನೀತಿಯನ್ನು ಹೊರಡಿಸಿತು.

ಇನ್ನು 'ವಿಕೇಂದ್ರೀಕೃತ ವಿಜ್ಞಾನ' ಎಂಬುದು ಇದರ ಜತೆಗೆ ಬಂದ ಮಾತು. ಸಂಶೋಧನೆಗೆ ಹಣ ಕೊಡುವವರು, ಅಂಕಿ ಅಂಶ ಇಟ್ಟುಕೊಳ್ಳುವವರು, ಫಲಿತಾಂಶ ಅಚ್ಚು ಮಾಡುವವರು ಕೆಲವೇ ದೊಡ್ಡ ಸಂಸ್ಥೆಗಳಾಗಿರಬಾರದು. ಯಾರು ಬೇಕಾದರೂ ಅಳತೆ ಬರೆಯಬಹುದು, ಬರೆದವರ ಹೆಸರು ಉಳಿಯಬೇಕು, ಹಣ ಯಾವುದಕ್ಕೆ ಖರ್ಚಾಯಿತೆಂದು ಎಲ್ಲರಿಗೂ ಕಾಣಬೇಕು ಎಂಬುದು ಅದರ ಸಾರ. ಹವಳದ ಮಟ್ಟಿಗೆ ಹೇಳುವುದಾದರೆ, ಮುಳುಗುಗಾರನೊಬ್ಬ ತೆಗೆದ ಚಿತ್ರ, ದಿನಾಂಕ, ಜಾಗ ಎಲ್ಲ ಸರಪಣಿಯ ಪುಸ್ತಕಕ್ಕೆ ಸೇರಬೇಕು. ಹವಳ ನೆಡಲು ದೂರದ ದಾನಿ ಕೊಟ್ಟ ರೂಪಾಯಿ ನಿಜಕ್ಕೂ ಆ ದಿಬ್ಬಕ್ಕೆ ಹೋಯಿತೇ ಎಂದು ನೋಡಲು ಬರಬೇಕು.

ಕೇಳಲು ಸೊಗಸಾಗಿದೆ. ಮಾರ್ಚಿನಲ್ಲಿ ನಮಗೆ ಇಷ್ಟು ಗೊತ್ತಿದ್ದರೆ ಹುಡುಗನಿಗೆ ಇಷ್ಟನ್ನೇ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆವು. ಹೊಗೆನಕಲ್ಲಿಗೆ ಹೋಗಿ ಬಂದ ಮೇಲೆ ಅದು ಸಾಲದೆನಿಸಿತು.

ಹೊಗೆನಕಲ್ಲಿನ ಹರಿಗೋಲು

ಬೇಸಗೆ ರಜೆಯಲ್ಲಿ ಸೇಲಂನಲ್ಲಿ ಒಂದು ಮದುವೆಯಿತ್ತು. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಸೇಲಂ. ಅಲ್ಲಿಯ ದೇವಾಂಗ ನೇಕಾರರ ಮನೆಗಳಲ್ಲಿ ಆಡುವ ಮಾತು ಕನ್ನಡ. ಹಲವರಿಗೆ ಕನ್ನಡ ಓದಲು ಬಾರದು, ಓದುವುದೆಲ್ಲ ತಮಿಳಿನಲ್ಲಿ. ಆದರೂ ಅಡುಗೆಮನೆಯಲ್ಲಿ ಕನ್ನಡ ಹೋಗಿಲ್ಲ. ನಾವು ಕಾಸರಗೋಡಿನ ಕನ್ನಡಿಗರೆಂದಾಗ, ಅಲ್ಲಿ ಮಲಯಾಳವಲ್ಲವೇ ಎಂದು ಕೇಳಿದರು. ಇಲ್ಲಿ ತಮಿಳಲ್ಲವೇ ಎಂದು ನಾವೂ ಕೇಳಬಹುದಿತ್ತು. ನಕ್ಕೆವು.

ಮದುವೆ ಮುಗಿಸಿ ಮೆಟ್ಟೂರಿಗೆ ಹೋದೆವು. 1934ರಲ್ಲಿ ಕಟ್ಟಿ ಮುಗಿಸಿದ ಸ್ಟ್ಯಾನ್ಲಿ ಜಲಾಶಯ ನೋಡಿ, ಮರುದಿನ ಪೆನ್ನಾಗರದ ದಾರಿಯಾಗಿ ಹೊಗೆನಕಲ್ಲು ತಲಪಿದೆವು. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. ಹೊಗೆನಕಲ್ಲಿನಲ್ಲಿ ಕಾವೇರಿಯ ಈ ದಡ ಧರ್ಮಪುರಿ ಜಿಲ್ಲೆ, ಆ ದಡ ನಮ್ಮ ಚಾಮರಾಜನಗರ. ಊರಿನ ಹೆಸರೇ ಕನ್ನಡ, ಹೊಗೆಯಂತೆ ಹನಿ ಏಳುವ ಕಲ್ಲು. ಹರಿಗೋಲನ್ನು ತಮಿಳರು ಪರಿಸಲ್ ಎನ್ನುತ್ತಾರೆ. ದಡದ ಉದ್ದಕ್ಕೂ ಹೆಂಗಸರು ಒಲೆಯಿಟ್ಟು ಮೀನು ಹುರಿಯುತ್ತಾರೆ. ಆ ವಾಸನೆಯಲ್ಲಿ ಜಲಪಾತ ನೋಡುವ ಮನಸ್ಸು ಅರ್ಧ ಕಡಿಮೆಯಾಗುತ್ತದೆಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮ ಹರಿಗೋಲಿನ ಮುದುಕರು ಎರಡೂ ಭಾಷೆಯವರು. ನಾವು ಕನ್ನಡ ಮಾತಾಡುವುದನ್ನು ಕೇಳಿ ಅವರೂ ಕನ್ನಡಕ್ಕೆ ತಿರುಗಿದರು. ಯಜಮಾನರೇ, ಇಲ್ಲಿ ದೊಡ್ಡ ಮೀನಿದೆಯೇ ಎಂದೆವು.

"ಇತ್ತು ಸಾಮಿ. ನಮ್ಮಪ್ಪನ ಕಾಲ್ದಲ್ಲಿ ಈ ಮಡುವಲ್ಲಿ ಆಳುದ್ದ ಮೀನು. ಬೆನ್ನು ಹಿಂಗೆ ಗೂನು. ನಾನೂ ಹುಡುಗನಾಗಿದ್ದಾಗ ಕಂಡಿವ್ನಿ. ಈಗ ಎಲ್ಲೈತೆ?"

ಯಾವಾಗಿನಿಂದ ಕಡಿಮೆಯಾಯಿತು ಎಂದು ಕೇಳಿದೆವು. ಅವರು ಹುಟ್ಟನ್ನು ನೀರಿನಿಂದ ಎತ್ತಿ ತುಸು ಹೊತ್ತು ಯೋಚಿಸಿದರು.

"ಅದ ಯಾರು ಬರೆದಿಟ್ಟವ್ರೆ ಸಾಮಿ? ನಮ್ಗೆ ಬರ್ಯಾಕೆ ಬರ್ದು. ಬರ್ಯಾಕೆ ಬಂದವ್ರು ನಮ್ಮನ್ನ ಕೇಳ್ಲಿಲ್ಲ."

ಆ ಗೂನುಬೆನ್ನಿನ ಮೀನೇ ಕಾವೇರಿಯ ಮಹಶೀರ್. 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಗಾಳದಲ್ಲಿ ಹಿಡಿದ ಒಂದು ಮೀನು 120 ಪೌಂಡು, ಎಂದರೆ 54 ಕಿಲೋ ತೂಗಿತ್ತು. ನಮ್ಮ ಎಂಟನೆಯ ತರಗತಿಯ ಅನೇಕ ಮಕ್ಕಳು ಅಷ್ಟು ತೂಗುವುದಿಲ್ಲ. ಭಾರತದಲ್ಲಿ ಗಾಳ ಹಾಕುವವರಿಗೆ ಈ ಮಹಶೀರಿನ ಹುಚ್ಚು ಹಿಡಿಸಿದ ಹಳೆಯ ಪುಸ್ತಕವೊಂದು ನಮ್ಮ ನೆಲದ್ದೇ. ಕಾಸರಗೋಡು ತಾಲೂಕು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಆ ಜಿಲ್ಲೆಯ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು.

ಇಷ್ಟು ಪ್ರಸಿದ್ಧ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲವೆಂದರೆ ವಾಚಕರು ನಂಬಲಿಕ್ಕಿಲ್ಲ. 2018ರ ಜೂನಿನಲ್ಲಷ್ಟೆ ಆ ಗೊಂದಲ ಬಗೆಹರಿಯಿತು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲಾಗಿದ್ದ 'ಟೋರ್ ರೆಮಾದೇವಿ' ಎಂಬ ಮೀನೂ ಕಾವೇರಿಯ ಈ ಗೂನುಬೆನ್ನಿನ ಮೀನೂ ಒಂದೇ ಎಂದು ಸಂಶೋಧಕರು ತೋರಿಸಿದರು. ಪಾಂಬಾರ್ ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೊನೆಗೆ ಕಾವೇರಿಗೆ ಸೇರುವ ನೀರು. ಕನ್ನಡ, ತಮಿಳು ದಡಗಳ ಮೀನಿಗೆ ಹೆಸರು ಸಿಕ್ಕಿದ್ದು ಕೇರಳದ ಹೊಳೆಯಲ್ಲಿ. ಹೆಸರು ಸಿಕ್ಕಿದ ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ಕಡೆಯ ಮೆಟ್ಟಿಲಿಗೂ ಸೇರಿತು.

ಗಾಳದವರ ದಾಖಲೆ

ಮೀನು ಕಡಿಮೆಯಾಯಿತೆಂದು ಗೊತ್ತಾದುದು ಹೇಗೆ? ಹೊಗೆನಕಲ್ಲಿಗಿಂತ ಮೇಲೆ, ಕಾವೇರಿ ಎರಡು ರಾಜ್ಯಗಳ ಗಡಿಯಾಗಿ ಹರಿಯುವ ಕಾಡುಪ್ರದೇಶದ ಮೇಲ್ಭಾಗದಲ್ಲಿ, ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ ಎಂಬ ಕಡೆ ಗಾಳ ಹಾಕುವವರ ಶಿಬಿರಗಳಿದ್ದವು. ಅಲ್ಲಿ ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ಹೊಳೆಗೆ ಬಿಡಬೇಕು. ಹಿಂದೆ ಮದ್ದು ಸಿಡಿಸಿ ಮೀನು ಕೊಲ್ಲುತ್ತಿದ್ದ ಊರಿನವರಲ್ಲಿ ಕೆಲವರೇ ಈಗ ದಾರಿ ತೋರಿಸುವ ಕೆಲಸಕ್ಕೆ ಸೇರಿದ್ದರು. ಶಿಬಿರದಲ್ಲಿ ದಾಖಲೆ ಇಡುತ್ತಿದ್ದರು: ಎಷ್ಟು ಗಂಟೆ ಗಾಳ ಹಾಕಿತು, ಎಷ್ಟು ಮೀನು, ಎಷ್ಟು ತೂಕ.

ವಿಜ್ಞಾನಕ್ಕೆಂದು ಇಟ್ಟ ದಾಖಲೆಯಲ್ಲ ಅದು. ಆದರೆ 1998ರಿಂದ 2012ರವರೆಗಿನ ಗಾಲಿಬೋರೆಯ ದಾಖಲೆಯನ್ನು ಸಂಶೋಧಕರು ಕೈಗೆ ತೆಗೆದುಕೊಂಡಾಗ ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳದ ಲೆಕ್ಕವಿತ್ತು. 6 ಸಾವಿರಕ್ಕೂ ಹೆಚ್ಚು ಮಹಶೀರ್ ಮೀನುಗಳ ಲೆಕ್ಕವಿತ್ತು. ಯಾವ ಇಲಾಖೆ, ಯಾವ ವಿಶ್ವವಿದ್ಯಾಲಯ ಆ ಕಾಡಿನ ಹೊಳೆಯಲ್ಲಿ ಅಷ್ಟು ಹೊತ್ತು ನಿಂತೀತು?

ಆ ಲೆಕ್ಕವನ್ನು ಮೊದಲ ನೋಟಕ್ಕೆ ಓದಿದವರಿಗೆ ಸಂತೋಷವೇ ಆಗಬೇಕು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಮೀನಿನ ಸರಾಸರಿ ತೂಕ ಇಳಿದಿತ್ತು, ಎಂದರೆ ಮರಿಗಳು ಧಾರಾಳ. ಮಹಶೀರ್ ಉಳಿಯಿತು ಎಂದು ಡಂಗುರ ಸಾರಬಹುದಿತ್ತು. ಆದರೆ ಯಾವ ಬಗೆಯ ಮಹಶೀರ್ ಎಂದು ಬೇರ್ಪಡಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಬೇರೊಂದು ಮಹಶೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪೆನಿಯವರ ಮರಿ ಕೇಂದ್ರದಲ್ಲಿ ಬೆಳೆಸಿದ ಜಾತಿ. ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ತಂದು ಬಿಟ್ಟಿದ್ದರು. ಕಾವೇರಿಯದೇ ಆದ ಗೂನುಬೆನ್ನಿನ ಮೀನು ಸಿಗುವುದು ಮಾತ್ರ ಅಪರೂಪವಾಗುತ್ತ ಹೋಗಿತ್ತು. ಸಿಕ್ಕಿದವೂ ಹಳೆಯ, ದೊಡ್ಡ ಮೀನುಗಳು. ಮರಿಗಳಿಲ್ಲ. ಮನೆಯಲ್ಲಿ ಜನ ತುಂಬಿದ್ದಾರೆಂದು ಹಿಗ್ಗಿ ಒಳಗೆ ನೋಡಿದರೆ ಬಂದವರೆಲ್ಲ ನೆಂಟರು, ಮನೆಯವರಲ್ಲಿ ಮುದುಕರಿಬ್ಬರೇ ಉಳಿದಿದ್ದಾರೆ ಎಂಬಂತೆ.

ಅಣೆಕಟ್ಟು, ಮರಳು, ಮದ್ದು, ಹೊರಗಿನ ಮೀನು ಎಲ್ಲವೂ ಕಾರಣವಿರಬಹುದು. ಅವನ್ನು ತೂಗುವುದು ನಮ್ಮ ಕೆಲಸವಲ್ಲ. ನಮಗೆ ಮನಸ್ಸಿಗೆ ನಾಟಿದ್ದು ಬೇರೆ. ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಗಾಳ ಹಾಕಬಾರದೆಂದಾಗಿ 2012ರ ಹೊತ್ತಿಗೆ ಶಿಬಿರದ ಗಾಳ ನಿಂತಿತು. ಕಾಯಿದೆಯನ್ನು ದೂರುವುದಿಲ್ಲ, ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಮೀನಿಗೆ ಸುಖವೆಂದು ಯಾರೂ ಹೇಳಲಾರರು. ಆದರೆ ಗಾಳದೊಡನೆ ದಾಖಲೆಯೂ ನಿಂತಿತು. ಆಮೇಲೆ ತಮಿಳುನಾಡು ತನ್ನ ದಡದಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕಾಡನ್ನು ಸೇರಿಸಿ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವನ್ನೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವನ್ನೂ ಘೋಷಿಸಿತು. ಕಾಡಿಗೆ ಕಾವಲು ಬಂತು. ಹದಿನಾಲ್ಕು ವರ್ಷ ಗಂಟೆಗಂಟೆಗೆ ಬರೆದಂಥ ಹೊಳೆಯ ಲೆಕ್ಕಕ್ಕೆ ಬದಲಿಯಾಗಿ ಮತ್ತೊಂದು ಬಂದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಈಗ ಆ ದಾಖಲೆಯನ್ನು ಬ್ಲಾಕ್‌ಚೈನಿನಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡೋಣ. ಒಂದು ಶಿಬಿರದ ಕಪಾಟಿನಲ್ಲಿ ಗೆದ್ದಲು ತಿನ್ನುವ ಭಯವಿರುತ್ತಿರಲಿಲ್ಲ. ಪ್ರವಾಸಿಗರನ್ನು ಸೆಳೆಯಲು ತೂಕ ಹೆಚ್ಚಿಸಿ ತಿದ್ದಲು ಬರುತ್ತಿರಲಿಲ್ಲ. ಮೇಲಿನ ಶಿಬಿರದ್ದನ್ನೂ ಹೊಗೆನಕಲ್ಲಿನದನ್ನೂ ಮೆಟ್ಟೂರಿನದನ್ನೂ, ಎರಡು ರಾಜ್ಯಗಳ ಲೆಕ್ಕವನ್ನು, ಒಂದೇ ಪುಸ್ತಕದಲ್ಲಿ ಓದಬಹುದಿತ್ತು. ಕಾವೇರಿಯ ನೀರಿನ ಅಂಕಿಗಳಿಗಾಗಿ ಈ ಎರಡು ರಾಜ್ಯಗಳು ಎಷ್ಟು ವರ್ಷ ಕೋರ್ಟು ಹತ್ತಿದವೆಂದು ಬಲ್ಲವರಿಗೆ, ಯಾರೂ ಒಬ್ಬರೇ ತಿದ್ದಲಾಗದ ಪುಸ್ತಕದ ಬೆಲೆ ಏನೆಂದು ಹೇಳಬೇಕಾಗಿಲ್ಲ. ಇದು ಲಾಭವೇ. ಹವಳದ ದಿಬ್ಬಗಳೂ ಹೀಗೆಯೇ ದೇಶದೇಶಗಳ ಗಡಿಯಲ್ಲಿ ಹರಡಿವೆ. ಅಲ್ಲಿಗೂ ಇದೇ ಲಾಭ.

ಆದರೆ ಹರಿಗೋಲಿನ ಮುದುಕರ ಮಾತನ್ನು ಆ ಪುಸ್ತಕದಲ್ಲಿ ಬರೆದವರಾರು? ಯಾರೂ ಇಲ್ಲ. ಬರೆಯದಿದ್ದುದನ್ನು ಯಾವ ಸರಪಣಿಯೂ ಕಾಯಲಾರದು.

ನಮ್ಮ ಮಳೆಯ ಪುಸ್ತಕ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷ ನಮ್ಮ ಶಾಲೆಯ ವಿಜ್ಞಾನ ಸಂಘದವರು ಮಳೆಮಾಪಕವಿಟ್ಟು ದಿನವೂ ಬರೆಯುತ್ತಿದ್ದರು. ಒಂದು ವರ್ಷ ವರದಿ ಕಳುಹಿಸುವ ಮುನ್ನ ಪುಸ್ತಕ ತಿರುವಿದಾಗ ಜುಲೈಯ ಒಂದು ದಿನದಲ್ಲಿ 'ಮಳೆ ಇಲ್ಲ' ಎಂದಿತ್ತು. ಶಾಲೆಯ ಹಿಂಬದಿಯ ಆವರಣಗೋಡೆ ಮಳೆಗೆ ಬಿದ್ದದ್ದು ಅದೇ ದಿನ! ರಜೆಯ ದಿನಗಳಲ್ಲಿ ಯಾರೂ ಬಾರದೆ, ಆಮೇಲೆ ಒಬ್ಬ ಕುಳಿತು ಅಂದಾಜಿನಿಂದ ತುಂಬಿದ್ದ. ಅವನನ್ನು ಬೈದೆವು. ಬೈಯಬೇಕಾದುದು ನಮ್ಮನ್ನೇ; ಖಾಲಿ ಬಿಡಬೇಡಿರೆಂದು ಹೇಳಿದ್ದವರು ನಾವೇ. ಆ ಸುಳ್ಳನ್ನು ತಿದ್ದಲಾಗದ ಪುಸ್ತಕದಲ್ಲಿ ಬರೆದಿದ್ದರೆ, ತಿದ್ದಲಾಗದ ಸುಳ್ಳಾಗಿ ಉಳಿಯುತ್ತಿತ್ತು. ತಪ್ಪನ್ನು ಒಪ್ಪಿ ಕೆಳಗೆ ಇನ್ನೊಂದು ಸಾಲು ಬರೆಯಬಹುದು ನಿಜ. ಆದರೆ ಗೋಡೆ ಬೀಳದಿದ್ದರೆ ತಪ್ಪೆಂದು ತಿಳಿಯುವುದಾದರೂ ಹೇಗೆ?

ಇನ್ನೊಂದು ಸಂಗತಿ. ಗಿಡಮರ, ಜೀವಿಗಳನ್ನು ಫೋನಿನಲ್ಲಿ ದಾಖಲಿಸುವ ಒಂದು ತರಬೇತಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಯಾರ ತರಬೇತಿ ಎಂದು ಹೇಳುವುದು ಬೇಡ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ತುಂಬಬೇಕಾದ ನಮೂನೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ನಮ್ಮ ಹುಡುಗಿಯೊಬ್ಬಳು ಪುನರ್ಪುಳಿ ಎಂದು ಕನ್ನಡದಲ್ಲಿ ಬರೆದಳು. ಪಟ್ಟಿಯಲ್ಲಿಲ್ಲವೆಂದು ಯಂತ್ರ ಸ್ವೀಕರಿಸಲಿಲ್ಲ. ಅವಳು ಆ ಮರವನ್ನು ಬಿಟ್ಟು ಪಟ್ಟಿಯಲ್ಲಿರುವ ಮಾವಿನ ಮರವನ್ನು ಬರೆದಳು. ಆ ದಿನದ ಲೆಕ್ಕದ ಪ್ರಕಾರ ಅಲ್ಲಿ ಪುನರ್ಪುಳಿಯೇ ಇಲ್ಲ!

ಎಲ್ಲರೂ ಬರೆಯಬಹುದು ಎಂದು ವಿಕೇಂದ್ರೀಕೃತ ವಿಜ್ಞಾನ ಹೇಳುವಾಗ ಎಲ್ಲರೂ ಎಂದರೆ ಯಾವ ಭಾಷೆಯ ಎಲ್ಲರೂ ಎಂದು ನಾವು ಕೇಳಬೇಕಾಗುತ್ತದೆ. ಲಕ್ಷದ್ವೀಪದ ಮೀನುಗಾರ ಮಲಯಾಳದಲ್ಲಿ ಬರೆದಾನು, ಮಿನಿಕಾಯಿಯವನು ಮಹಲ್ ಭಾಷೆಯಲ್ಲಿ ಹೇಳಿಯಾನು. ಹೊಗೆನಕಲ್ಲಿನ ಮುದುಕರು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿಯಾರು. ಆ ಮಾತಿಗೆ ನಮೂನೆಯಲ್ಲಿ ಜಾಗವಿಲ್ಲದಿದ್ದರೆ ಪುಸ್ತಕದ ಪ್ರತಿಗಳು ಸಾವಿರವಿದ್ದರೂ ಬರೆಯುವ ಕೈ ಹಳೆಯ ಕೆಲವೇ ಕೈ.

ಭಾಷೆಯ ತೊಡಕಿಲ್ಲದ ದಾರಿಯೂ ಇದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2002ರಲ್ಲಿ 'ಕೋರಲ್ ವಾಚ್' ಎಂಬುದನ್ನು ಆರಂಭಿಸಿದರು. ಅದರ ಮುಖ್ಯ ಸಾಧನ ಒಂದು ಬಣ್ಣದ ಕಾರ್ಡು. ತಿಳಿಯಿಂದ ಗಾಢದವರೆಗೆ ಬಣ್ಣದ ಮೆಟ್ಟಿಲುಗಳಿವೆ. ನೀರಿನಲ್ಲಿ ಹವಳದ ಪಕ್ಕ ಹಿಡಿದು ಯಾವ ಮೆಟ್ಟಿಲಿಗೆ ಹೋಲುತ್ತದೆಂದು ಗುರುತು ಮಾಡಿದರಾಯಿತು. ಶಾಲೆಯ ಮಕ್ಕಳೂ ಮಾಡುತ್ತಾರೆ. ನಮ್ಮ ಮಟ್ಟಿಗೆ ಬ್ಲಾಕ್‌ಚೈನಿಗಿಂತ ದೊಡ್ಡ ಶೋಧನೆ ಈ ಕಾರ್ಡು. ಮೊದಲು ಕಾರ್ಡು ಕೈಗೆ ಬರಲಿ, ಸರಪಣಿ ಆಮೇಲೆ ಬರಲಿ ಎನ್ನುವವರು ನಾವು.

ಹಣದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಚಿಟ್ಟಿ ಹಾಕಿ ಕಳೆದುಕೊಂಡ ಕುಟುಂಬಗಳು ಇವೆ. ಹವಳ ಉಳಿಸುವ ಹೆಸರಿನಲ್ಲಿ 'ಟೋಕನ್' ಕೊಳ್ಳಿರಿ, ನಾಳೆ ಬೆಲೆ ಏರುತ್ತದೆ ಎಂದು ಯಾರಾದರೂ ಫೋನಿಗೆ ಕಳುಹಿಸಿದರೆ ಅದು ಸಂರಕ್ಷಣೆಯಲ್ಲ, ಜೂಜು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ಪೇಟೆಯೇ ಮುಳುಗಿ ಲಕ್ಷಾಂತರ ಜನರ ಹಣ ಸಿಕ್ಕಿಬಿತ್ತು. ಲೆಕ್ಕದ ಪುಸ್ತಕ ತಿದ್ದಲಾಗದ್ದು ಎಂದ ಮಾತ್ರಕ್ಕೆ ಅದನ್ನು ಮಾರುವವನು ಸತ್ಯವಂತನಾಗುವುದಿಲ್ಲ. ಅಲ್ಲದೆ ಬಿಟ್‌ಕಾಯಿನಿನ ಯಂತ್ರಗಳು ಬಳಸುವ ವಿದ್ಯುತ್ತು ಅಪಾರ. ಕಲ್ಲಿದ್ದಲು ಸುಟ್ಟು ಆ ವಿದ್ಯುತ್ತು ಮಾಡಿದರೆ ಬಿಸಿಯಾಗುವುದು ಅದೇ ಕಡಲು. ಎಥೀರಿಯಂ ಎಂಬ ಇನ್ನೊಂದು ಸರಪಣಿ 2022ರ ಸೆಪ್ಟೆಂಬರಿನಲ್ಲಿ ತನ್ನ ವಿಧಾನವನ್ನು ಬದಲಿಸಿ ವಿದ್ಯುತ್ ಬಳಕೆಯನ್ನು ನೂರಕ್ಕೆ 99ಕ್ಕಿಂತಲೂ ಹೆಚ್ಚು ಇಳಿಸಿತು. ಹವಳದ ಲೆಕ್ಕಕ್ಕೆ ಯಾವ ಬಗೆಯ ಸರಪಣಿ ಎಂದು ಕೇಳದೆ ಯಾರೂ ಕೈ ಹಾಕಬಾರದು.

ಜೂನಿನಲ್ಲಿ ಶಾಲೆ ತೆರೆದಾಗ ಆ ಹುಡುಗ ಹತ್ತನೆಯ ತರಗತಿಗೆ ಬಂದಿದ್ದ. ಮಾರ್ಚಿನಲ್ಲಿ ತಪ್ಪು ಉತ್ತರ ಕೊಟ್ಟೆವೆಂದು ಇಡೀ ತರಗತಿಯ ಮುಂದೆ ಹೇಳಿ, ಮೇಲಿನದನ್ನೆಲ್ಲ ಸಂಕ್ಷೇಪವಾಗಿ ವಿವರಿಸಿದೆವು. ಮಳೆಮಾಪಕವನ್ನು ತೊಳೆದು ಮತ್ತೆ ಇಟ್ಟೆವು. ಈ ಸಲ ಪುಸ್ತಕ ಮೂರು: ಒಂದು ಶಾಲೆಯಲ್ಲಿ, ಒಂದು ಊರಿನ ವಾಚನಾಲಯದಲ್ಲಿ, ಒಂದು ಆ ಹುಡುಗನ ಮನೆಯಲ್ಲಿ. ಪ್ರತಿ ಶುಕ್ರವಾರ ಮೂರನ್ನೂ ತಾಳೆ ನೋಡಬೇಕು. ಅಳೆಯದ ದಿನ ಖಾಲಿ ಬಿಡಬೇಕು, ಏಕೆ ಅಳೆಯಲಿಲ್ಲವೆಂದು ಪಕ್ಕದಲ್ಲಿ ಬರೆಯಬೇಕು. ಕನ್ನಡದಲ್ಲಿ.

ಮೊದಲನೆಯ ವಾರವೇ ಹುಡುಗ ಬಾಗಿಲಿಗೆ ಬಂದು ನಿಂತ.

"ಸಾರ್, ಇವತ್ತು ಮಾಪಕದ ಬಾಯಿಗೆ ಹಲಸಿನ ಎಲೆ ಬಿದ್ದಿತ್ತು. ನೀರು ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ. ಅದನ್ನೂ ಬರೆಯಬೇಕಾ?"

ಎಲೆಯನ್ನೂ ಬರೆ ಎಂದೆವು.